ಅಂಬಿಗನ ಬಾಯಲ್ಲಿ ಅಪ್ಪ

ಜೂನ್ ೪

ತಮ್ಮಾ,

ಇದನ್ನು ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಪ್ಪನ ವಿಷಯ ಎತ್ತಿದ ಕೂಡಲೇ ನಿನ್ನ ಫೋನಿನ ಸಿಗ್ನಲ್ ಹೊರಟುಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ಇನ್ನು ಮೇಲೆ ಬರೆದೇ ಕೇಳುತ್ತೇನೆ, ನೀನೂ ಬರೆದೇ ಉತ್ತರ ಕೊಡು.

ಮೊನ್ನೆ ನಿಮ್ಮೂರಿಗೆ ಬಂದಿದ್ದೆ. ನಿನ್ನನ್ನು ನೋಡಲು ಅಲ್ಲ. ಅಪ್ಪನ ಒಂದು ಮಾತ್ರೆ ನಮ್ಮ ಕಡೆ ಸಿಗುತ್ತಿಲ್ಲ, ನಿಮ್ಮ ಆಸ್ಪತ್ರೆ ರಸ್ತೆಯ ಔಷಧಿ ಅಂಗಡಿಯಲ್ಲಿದೆ ಅಂದರು. ಸಾಲು ಉದ್ದವಿತ್ತು. ನನ್ನ ಹಿಂದಿದ್ದವನು ಬೇಗ ಕೊಡಿ, ಬೇಗ ಕೊಡಿ ಎಂದು ಗೊಣಗುತ್ತಿದ್ದ. ಕೌಂಟರಿನಲ್ಲಿದ್ದವಳು ತಲೆ ಎತ್ತಲಿಲ್ಲ. ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ, ಗಂಟಲನ್ನು ಒರಟು ಮಾಡಿಕೊಂಡು, "ಅವಸರ ಇದ್ದೋರು ನಿನ್ನೇನೇ ಬರಬೇಕಿತ್ತು ಸ್ವಾಮೀ" ಅಂದಳು. ಪಕ್ಕದವಳು ಕಿಸಕ್ಕನೆ ನಕ್ಕಳು.

ಆ ಮಾತು ಯಾರದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಜೀವಮಾನವಿಡೀ ಬಸ್ಸು ಓಡಿಸಿದ ಅಪ್ಪ, ಸ್ಟೀರಿಂಗಿನ ಮೇಲೆ ಎರಡು ಸಲ ತಟ್ಟಿ, ಹಿಂದಕ್ಕೆ ತಿರುಗದೆ, ಕನ್ನಡಿಯಲ್ಲಿ ನೋಡುತ್ತಾ ಹೇಳುತ್ತಿದ್ದ ಮಾತು. ಆ 'ಸ್ವಾಮೀ'ಯ ಎಳೆತ ಕೂಡ ಅಪ್ಪನದೇ.

"ಈ ಮಾತು ಎಲ್ಲಿ ಕಲಿತೆಯಮ್ಮಾ?" ಎಂದು ಕೇಳಿದೆ.

"ಅದಾ ಮೇಡಂ, ನಮ್ಮ ಆಟದ ತಾತಂದು. ಆಟದಂಗಡೀಲಿ ಭಾನುವಾರ ಮಧ್ಯಾಹ್ನ ಎಲ್ರೂ ಸೇರಿ ಕಥೆ ಆಡ್ತೀವಿ. ಒಬ್ಬೊಬ್ರಿಗೆ ಒಂದೊಂದು ಪಾತ್ರ. ಅದರಲ್ಲಿ ಒಬ್ಬ ಅಂಬಿಗ ತಾತ ಇದಾನೆ. ಪಾಪ, ಮರೆವು. ಹೊಳೆ ತುಂಬಿದ್ರೂ ದೋಣಿ ಬಿಚ್ಚೋಕೆ ಹೋಗ್ತಾನೆ. ಕಥೆ ನಡೆಸೋರು ಕನ್ನಡಕದಂಗಡಿ ಸರ್. ಅವರು ತಾತನ ದನಿ ತೆಗೆದ್ರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗತ್ತೆ."

ಆ ಊರಿನಲ್ಲಿ ಕಣ್ಣು ಪರೀಕ್ಷೆ ಮಾಡುವ ಕನ್ನಡಕದಂಗಡಿ ಸರ್ ಇನ್ನೊಬ್ಬನಿದ್ದರೆ ತಿಳಿಸು, ಈ ಪತ್ರವನ್ನು ಅವನಿಗೆ ಕಳಿಸುತ್ತೇನೆ.

ಮಾರ್ಚಿನಲ್ಲಿ ಅಪ್ಪ ಡ್ಯೂಟಿಯ ಅಂಗಿ ತೊಟ್ಟು ಡಿಪೋಗೆ ನಡೆದು ಹೋಗಿ, ನಿಂತಿದ್ದ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂತಿದ್ದರೆಂದು ನಿನಗೆ ಹೇಳಿದ್ದೆ. ಇಳಿಯಲು ಒಪ್ಪದೆ ಅತ್ತರೆಂದೂ ಹೇಳಿದ್ದೆ. ಡಾಕ್ಟರು ಇನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ ಅಂದಿದ್ದಾರೆ. ಇಂಥವರನ್ನೇ ನೋಡಿಕೊಳ್ಳುವ ಒಂದು ಮನೆಯನ್ನು ನಾನು ಹೋಗಿ ನೋಡಿ ಬಂದೆ. ಸೇರಿಸೋಣವೋ ಬೇಡವೋ ಎಂದು ನಿನ್ನನ್ನು ಕೇಳಿದೆ. ನಿನ್ನಿಂದ ಉತ್ತರವಿಲ್ಲ. ಈಗ ತಿಳಿಯಿತು, ನೀನು ಸುಮ್ಮನೆ ಕೂತಿರಲಿಲ್ಲ. ಅಪ್ಪನನ್ನು ಪರ ಊರಿನ ಮೇಜಿನ ಮೇಲೆ ಕುಣಿಸುತ್ತಿದ್ದೆ.

ನನಗೆ ಬೇಕಾದದ್ದು ನಿನ್ನ ಒಂದು ಮಾತು. ಹೂಂ ಅನ್ನು, ಇಲ್ಲವೇ ಊಹೂಂ ಅನ್ನು.

ನಿನ್ನ ಅಕ್ಕ


ಜೂನ್ ೧೯

ಅಕ್ಕಾ,

ನಿನ್ನ ಪತ್ರ ಕೈಯಲ್ಲಿ ಹಿಡಿದಾಗಲೇ ಬಿಸಿ ಇತ್ತು. ಪ್ರೆಸ್ಸಿನಲ್ಲಿ ಅಷ್ಟು ವರ್ಷ ಕರಡು ತಿದ್ದಿದವಳು, ಪತ್ರಿಕೆಗಳ ಸಂಪಾದಕರನ್ನೇ ನಡುಗಿಸಿದವಳು, ನನ್ನನ್ನು ಬಿಡುತ್ತೀಯಾ.

ಒಂದೇ ಒಂದು ಮಾತು ಒಪ್ಪುವುದಿಲ್ಲ. ಅದು ಕುಣಿಸುವುದಲ್ಲ. ಆಟವೆಂದರೆ ಏನೆಂದು ನೀನು ನೋಡಿಲ್ಲ. ಅಂಗಡಿಯ ಮುಂಭಾಗದಲ್ಲಿ ಪೆಟ್ಟಿಗೆಗಳು, ಪುಟ್ಟ ಬಣ್ಣದ ಗೊಂಬೆಗಳು. ಹಿಂದೆ ನಾಲ್ಕು ಮೇಜು. ಬೀದಿಯಿಂದ ಯಾರು ಬೇಕಾದರೂ ಬಂದು ನಿಂತು ನೋಡಬಹುದು. ನಾನು ಒಂದು ಲೋಕವನ್ನು ಹೇಳುತ್ತೇನೆ, ಅದರಲ್ಲಿ ಏನು ಮಾಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಆಗುತ್ತದೋ ಇಲ್ಲವೋ ಎಂಬುದಕ್ಕೆ ಇಪ್ಪತ್ತು ಮುಖದ ದಾಳ. ಅವರ ಪಾತ್ರಗಳನ್ನು ಬಿಟ್ಟು ಉಳಿದವರೆಲ್ಲ, ರಾಜ, ಕಾವಲುಗಾರ, ದಾರಿಹೋಕ, ಎಲ್ಲರೂ ನಾನೇ. ಅಂಬಿಗನೂ ಹಾಗೆಯೇ ಬಂದ. ಹೊಳೆ ದಾಟಿಸಲು ಒಬ್ಬ ಬೇಕಿತ್ತು, ಬಾಯಿ ತೆಗೆದೆ, ಅಪ್ಪನ ದನಿ ಬಂತು. ನಾನು ಕರೆದದ್ದಲ್ಲ.

ಆಮೇಲೆ ಬಿಡಲಾಗಲಿಲ್ಲ. ಅಲ್ಲಿ ಅಪ್ಪ ಮಾತಾಡುತ್ತಾರೆ. ಬೈಯುತ್ತಾರೆ, ಜೋಕು ಹೊಡೆಯುತ್ತಾರೆ. ಆಡಲು ಬಂದವರು ನಗುವುದು ಮರೆವಿಗಲ್ಲ ಅಕ್ಕಾ, ಆ ಗತ್ತಿಗೆ. ವಾರಕ್ಕೊಮ್ಮೆ ಆ ಮೂರು ಗಂಟೆ ನಾನು ಅಪ್ಪನ ಜೊತೆ ಇರುತ್ತೇನೆ. ಮನೆಗೆ ಬಂದರೆ ಅವರು ನನ್ನನ್ನು ನೋಡಿ ಚೆಕಿಂಗ್ ಇನ್ಸ್‌ಪೆಕ್ಟರು ಬಂದರೆಂದು ಎದ್ದು ನಿಲ್ಲುತ್ತಾರೆ.

ಆ ಮನೆಯ ವಿಷಯ. ದುಡುಕುವುದು ಬೇಡ. ಇನ್ನೊಂದು ತಿಂಗಳು ನೋಡೋಣ.

ನಿನ್ನ ತಮ್ಮ


ಜೂನ್ ೨೬

ತಮ್ಮಾ,

'ನೋಡೋಣ' ಎಂಬ ಪದ ಬರೆದಿದ್ದೀಯ. ನೋಡುವವರು ಯಾರು? ಆ ಕ್ರಿಯಾಪದದ ಕೆಲಸ ಮಾಡುತ್ತಿರುವವಳು ನಾನೊಬ್ಬಳೇ.

ವಾರಕ್ಕೆ ಮೂರು ಗಂಟೆ ಅಪ್ಪನ ಜೊತೆ ಇರುತ್ತೀಯಂತೆ. ಆ ಅಪ್ಪ ಬಟ್ಟೆ ಒದ್ದೆ ಮಾಡಿಕೊಳ್ಳುವುದಿಲ್ಲ. ಸ್ನಾನ ಅಂದರೆ ಕೈ ಎತ್ತುವುದಿಲ್ಲ. ನನ್ನನ್ನು ನೋಡಿ, ನೀವು ಯಾರ ಮನೆಯವರು, ನನ್ನ ಹೆಂಡತಿ ಬಂದರೆ ತಪ್ಪು ತಿಳಿದಾಳು, ಹೊರಡಿ ಅನ್ನುವುದಿಲ್ಲ. ಆಟ ಮುಗಿದ ಮೇಲೆ ಅವರನ್ನು ಪೆಟ್ಟಿಗೆಗೆ ಹಾಕಿ ಮುಚ್ಚಬಹುದು. ನನಗೂ ಅಂಥ ಅಪ್ಪ ಬೇಕು, ಆ ಅಂಗಡಿಯಲ್ಲಿ ಇನ್ನೊಂದು ಇದೆಯಾ ಕೇಳಿ ನೋಡು.

ನಿನ್ನ ಈ ವಿದ್ಯೆ ಹೊಸದಲ್ಲ. ಶಾಲೆಗೆ ಫೋನು ಮಾಡಿ, ಅಪ್ಪನ ದನಿಯಲ್ಲಿ, ನಮ್ಮ ಹುಡುಗನಿಗೆ ಜ್ವರ, ಎರಡು ದಿನ ಬರೋದಿಲ್ಲ ಅಂದಿದ್ದೆ. ಹೆಡ್‌ಮಾಸ್ತರು ನಂಬಿಬಿಟ್ಟರು. ಆಮೇಲೆ ಬಸ್ಸಿನಲ್ಲಿ ಅಪ್ಪನಿಗೇ ಸಿಕ್ಕು, ಮಗ ಹೇಗಿದಾನೆ ಎಂದು ವಿಚಾರಿಸಿದರು. ಅಪ್ಪ ಬಿಟ್ಟುಕೊಡಲಿಲ್ಲ. ಮನೆಗೆ ಬಂದು, ಇನ್ನೊಂದು ಸಲ ಮಾಡಿ ತೋರಿಸೋ ಎಂದು ನಿನ್ನಿಂದ ಹೇಳಿಸಿ ನಕ್ಕರು. ನಾನು ಆಗಲೇ ಹೇಳಿದ್ದೆ, ಇವನ ಚೇಷ್ಟೆಗೆ ನಗಬೇಡಿ ಅಂತ. ನನ್ನ ಮಾತು ಆ ಮನೆಯಲ್ಲಿ ಯಾರು ಕೇಳುತ್ತಿದ್ದರು.

ನಾನು ನೋಡಿ ಬಂದ ಆ ನಿಲಯದಲ್ಲಿ ಒಂದು ಕೋಣೆ ಖಾಲಿ ಇದೆ. ಕಾಯುವವರು ಬೇರೆ ಇದ್ದಾರೆ. ಸೇರಿಸಿದರೆ 'ಅಪ್ಪನನ್ನು ದೂಡಿದವಳು' ಅನ್ನುವ ಹೆಸರು ನನ್ನೊಬ್ಬಳ ಹಣೆಗೆ ಹತ್ತುತ್ತದೆ. ನೀನು ಒಳ್ಳೆಯ ಮಗನಾಗಿಯೇ ಉಳಿಯುತ್ತೀಯ. ಆ ಅನುಕೂಲ ನಿನಗೆ ನಾನು ಮಾಡಿಕೊಡುವುದಿಲ್ಲ. ಹೇಳು.

ಅಕ್ಕ


ಜುಲೈ ೧೫

ತಮ್ಮಾ,

ನೀನು ಬರೆಯಲಿಲ್ಲ, ನಾನೇ ಬಂದೆ. ನಿನ್ನೆ ನಡೆದದ್ದನ್ನು ನಾನು ಹೇಗೆ ಕಂಡೆನೆಂದು ಬರೆದಿಡುತ್ತೇನೆ. ಮುಂದೆ ನೀನು ಬೇರೆ ಥರ ನೆನಪಿಟ್ಟುಕೊಳ್ಳಬಾರದು.

ಕೆಳಗಿನ ಮನೆಯ ಟೈಲರ್ ಹೆಂಡತಿಯನ್ನು ಅಪ್ಪನ ಹತ್ತಿರ ಕೂರಿಸಿ ಬಂದಿದ್ದೆ. ಅಂಗಡಿ ನಾನಂದುಕೊಂಡಂತೆ ಇರಲಿಲ್ಲ, ಒಪ್ಪುತ್ತೇನೆ. ಬೆಳಕಿತ್ತು. ಒಂದು ತಟ್ಟೆಯಲ್ಲಿ ಹೆಬ್ಬೆರಳಿನಷ್ಟು ಸೈನಿಕರು ಬಣ್ಣ ಒಣಗಲೆಂದು ನಿಂತಿದ್ದರು. ಪಕ್ಕದ ಮೇಜಿನಲ್ಲಿ ತಾಯಿ ಮಗಳು ಕಾರ್ಡು ಆಡುತ್ತಿದ್ದರು. ಗಲ್ಲಾದಲ್ಲಿದ್ದ ಮಾಲೀಕ ನನ್ನನ್ನು ನೋಡಿ, "ಯಾರಿಗೆ ಗಿಫ್ಟು ಮೇಡಂ, ಮೊಮ್ಮಗನಿಗಾ?" ಅಂದ. ನೋಡಲು ಬಂದೆ ಅಂದೆ. "ನೋಡೋದ್ಯಾಕೆ, ಕೂತ್ಕೊಳ್ಳಿ. ಆ ಮೇಜಲ್ಲಿ ಹೊಸಬರಿಗೆ ಅಂತಾನೇ ಒಂದು ಕುರ್ಚಿ ಖಾಲಿ ಇಡ್ತೀವಿ. ನಮ್ಮ ಅಂಗಡಿ ಪದ್ಧತಿ" ಎಂದು ನನ್ನ ಕೈಗೆ ಒಂದು ಕಾರ್ಡು ಕೊಟ್ಟ. 'ಪ್ರಯಾಣಿಕ' ಎಂದು ಅದರಲ್ಲಿ ಬರೆದಿತ್ತು.

ನೀನು ತಲೆ ಎತ್ತಿ ನನ್ನನ್ನು ನೋಡಿದೆ. ನಿನ್ನ ಮುಖದ ಬಣ್ಣ ಇಳಿಯಿತು. ಆಗಲೇ ಆಟ ನಿಲ್ಲಿಸಬಹುದಿತ್ತು, ಇವಳು ನನ್ನ ಅಕ್ಕ ಅನ್ನಬಹುದಿತ್ತು. ಸುತ್ತ ಜನ ನಿಂತು ನೋಡುತ್ತಿದ್ದರು, ಅದಕ್ಕೇ ಇರಬೇಕು, "ದಡದಲ್ಲಿ ಒಬ್ಬ ಹೊಸ ಪ್ರಯಾಣಿಕಳು ಬಂದಿದ್ದಾಳೆ" ಎಂದು ಮುಂದುವರಿಸಿದೆ. ಔಷಧಿ ಅಂಗಡಿಯವಳು ಗುರುತು ಹಿಡಿದು, "ಬಂದ್ರಾ ಮೇಡಂ, ಒಳ್ಳೇದಾಯ್ತು, ಇವತ್ತು ತಾತಂದೇ ಕಥೆ" ಎಂದು ಜಾಗ ಮಾಡಿಕೊಟ್ಟಳು.

ಕಥೆ ಏನೆಂದು ಐದು ನಿಮಿಷದಲ್ಲಿ ನನಗೆ ತಿಳಿಯಿತು. ಹೊಳೆಗೆ ನೆರೆ ಬಂದಿದೆ. ಅಂಬಿಗ ದೋಣಿ ಬಿಚ್ಚುತ್ತೇನೆ ಅನ್ನುತ್ತಾನೆ. ಬೆಟ್ಟದ ಮೇಲೆ ಒಂದು ಮನೆಯಿದೆ, ಅಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾರೆ. ಅವನನ್ನು ಅಲ್ಲಿಗೆ ಒಯ್ಯಬೇಕೋ, ದಡದಲ್ಲೇ ಬಿಡಬೇಕೋ. ನಾನು ಮಾರ್ಚಿನಿಂದ ನಿನ್ನನ್ನು ಕೇಳುತ್ತಿರುವ ಪ್ರಶ್ನೆಯನ್ನು ನೀನು ಹೆಸರು ಬದಲಿಸಿ ಆ ಮೇಜಿನ ಮೇಲೆ ಇಟ್ಟಿದ್ದೆ.

ಆಡುತ್ತಿದ್ದವರಲ್ಲಿ ಗಡ್ಡದವರೊಬ್ಬರನ್ನು ಎಲ್ಲರೂ ವಕೀಲರೇ ಅನ್ನುತ್ತಿದ್ದರು, ಅವರು ಹೇಳಿದರು: "ಬೆಟ್ಟಕ್ಕೆ ಕಳ್ಸೋಣ ರೀ. ಮುಳುಗಿ ಸಾಯೋದಕ್ಕಿಂತ ವಾಸಿ."

"ಹೊಳೆ ಬಿಟ್ಟು ಬದುಕ್ತಾನಾ ಅವನು? ನಿಮಗೆ ಕರುಳೇ ಇಲ್ಲ" ಎಂದಳು ಔಷಧಿ ಅಂಗಡಿಯವಳು.

"ಕರುಳಿದೆ, ಅದಕ್ಕೇ ಹೇಳಿದ್ದು. ನೀವು ದಿನಾ ಬಂದು ಅವನನ್ನ ಹಿಡ್ಕೊಂಡು ಕೂರ್ತೀರಾ?"

"ಸರಿ, ದಾಳ ಹಾಕೋಣ ಹಾಗಾದ್ರೆ."

ಅವರ ಮೇಲೆ ನನಗೆ ಕೋಪವಿಲ್ಲ. ನಿನಗಿಂತ ಹೆಚ್ಚು ಮನಸ್ಸಿಟ್ಟು ಯೋಚಿಸುತ್ತಿದ್ದರು. ಅಂಬಿಗನನ್ನೇ ಕೇಳಬಹುದಾ ಎಂದು ನಾನು ಕೇಳಿದೆ. ಅವರಿಗೆ ಖುಷಿಯಾಯಿತು, ಕೇಳಿ, ಕೇಳಿ ಅಂದರು. "ಅಜ್ಜಾ, ನಿಮಗೆ ಎಲ್ಲಿರಬೇಕು ಅನ್ಸತ್ತೆ?" ಅಂದೆ.

ನೀನು ಮೇಜಿನ ಮೇಲೆ ಎರಡು ಸಲ ತಟ್ಟಿದೆ. ಆಮೇಲೆ ಆ ದನಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ನನ್ನ ಕಣ್ಣು ತುಂಬಿತು, ಅದನ್ನೂ ಮುಚ್ಚಿಡುವುದಿಲ್ಲ. "ನಂಗೆ ಬೆಟ್ಟ ಬೇಡಮ್ಮಾ" ಎಂದಿತು ಅದು. "ನಂಗೆ ಮಗಳಿದಾಳೆ. ಅವಳು ಇರೋವರೆಗೂ ನಂಗೇನು ಕಮ್ಮಿ."

ಎಲ್ಲರೂ ಛೆ, ಪಾಪ ಅಂದರು. ನಿಂತಿದ್ದವರಲ್ಲಿ ಒಬ್ಬಳು ಮೂಗು ಒರೆಸಿಕೊಂಡಳು. ವಕೀಲರು ಚಪ್ಪಾಳೆ ತಟ್ಟಿದರು. ನಾನು ಎದ್ದು, "ಆ ಮಗಳನ್ನ ಯಾರಾದ್ರೂ ಕೇಳಿದ್ರಾ?" ಎಂದು ಕೇಳಿ ಹೊರಗೆ ಬಂದೆ.

ಈಗ ಕೇಳು. ಅಪ್ಪ ಆ ಮಾತು ಹೇಳಿಲ್ಲ. ಅವರು ಇಂದು ಏನು ಬೇಕೆಂದು ಹೇಳುವ ಸ್ಥಿತಿಯಲ್ಲೇ ಇಲ್ಲ. ಅದು ನಿನ್ನ ಮಾತು. ನೇರವಾಗಿ ನನ್ನ ಮುಖ ನೋಡಿ, 'ಅಕ್ಕಾ, ನೀನೇ ಇಟ್ಟುಕೋ, ನನ್ನ ಕೈಲಾಗದು' ಎಂದಿದ್ದರೆ ಬೈಯುತ್ತಿದ್ದೆ, ಆಮೇಲೆ ಸುಮ್ಮನಾಗುತ್ತಿದ್ದೆ. ಅದರ ಬದಲು ಅಪ್ಪನ ಗಂಟಲು ತೊಟ್ಟುಕೊಂಡು ಬಂದೆ. ಎದುರಾಡಲಾಗದ ದನಿಯಲ್ಲಿ, ಎದುರಾಡಲಾಗದ ಜಾಗದಲ್ಲಿ, ಊರೆಲ್ಲ ನೋಡುವಾಗ ನನಗೆ ತೀರ್ಪು ಹೇಳಿದೆ. ಬುದ್ಧಿ ಸರಿಯಿದ್ದ ಅಪ್ಪ ಎಂದೂ ನನಗೆ ಹಾಗೆ ಮಾಡಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರೆ ಕೊಳ್ಳುವುದನ್ನೇ ಮರೆತೆನೆಂದು ನೆನಪಾಯಿತು.

ಅಕ್ಕ


ಆಗಸ್ಟ್ ೨

ಅಕ್ಕಾ,

ಮಾತ್ರೆ ಈ ಪತ್ರದ ಜೊತೆ ಕಳಿಸಿದ್ದೇನೆ. ಔಷಧಿ ಅಂಗಡಿಯವಳೇ ಕಟ್ಟಿ ಕೊಟ್ಟಳು. ಅವಳು ಈಗ ನನ್ನ ಜೊತೆ ಮಾತಾಡುತ್ತಿಲ್ಲ.

ನೀನು ಹೋದ ಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಾನು ಕಥೆ ಮುಂದುವರಿಸಲು ನೋಡಿದೆ. ಅವಳು ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ, "ಸರ್, ಅವರು ಯಾರು?" ಎಂದು ಕೇಳಿದಳು. ಅಕ್ಕ ಅಂದೆ. "ಹಾಗಾದ್ರೆ ತಾತ?" ಅಂದಳು. ನಾನು ಗೊಂಬೆಗಳನ್ನು ಪೆಟ್ಟಿಗೆಗೆ ಹಾಕತೊಡಗಿದೆ. "ನಾವಿಲ್ಲಿ ನಿಮ್ಮ ಮನೆ ತೀರ್ಮಾನ ಮಾಡ್ತಾ ಇದ್ವಾ ಸರ್? ಅವತ್ತು ನಮ್ಮಂಗಡೀಲಿ ಆ ಅಮ್ಮ ಎದುರಿಗೆ ನಿಂತಿದ್ದಾಗ್ಲೇ ನಾನು ಅವರಪ್ಪನ್ನ ಅಣಕಿಸಿದೆನಾ?" ವಕೀಲರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ಕೊನೆಗೆ, "ಆಟ ಅಂತ ನಂಬಿ ನಾನು ಬೆಟ್ಟಕ್ಕೆ ಕಳ್ಸಿ ಅಂದೆನಲ್ಲಾ ಮಾರಾಯ್ರೇ" ಅಂದರು. ಅಂಗಡಿಯ ಮಾಲೀಕ ಏನೂ ಬೈಯಲಿಲ್ಲ. ಮುಂದಿನ ವಾರದಿಂದ ಬೇರೆಯವರು ಕಥೆ ನಡೆಸಲಿ ಅಂದ, ಅಷ್ಟೆ.

ನೀನು ಬರೆದದ್ದು ಸರಿ. ನಿನ್ನನ್ನು ಕಂಡಾಗ ಆ ಉತ್ತರ ಮೊದಲೇ ತಯಾರಾಗಿತ್ತು. ಬಾಯಿಂದ ಬಿದ್ದ ಮೇಲೆ ನನಗೇ ಅದರ ಅಗ್ಗತನ ಕೇಳಿಸಿತು.

ನಿನ್ನ ಪ್ರಶ್ನೆಗೆ ಈಗಲೂ ಉತ್ತರ ಕೊಡುತ್ತಿಲ್ಲ. ಗೊತ್ತಿಲ್ಲದೆ ಕೊಟ್ಟರೆ ಅದೂ ಇನ್ನೊಂದು ದಾಳ. ನಾನು ರಜೆ ಹಾಕಿದ್ದೇನೆ. ನೀನು ಪ್ರೆಸ್ಸಿನ ಗೆಳತಿಯ ಊರಿಗೆ ಹೋಗಬೇಕೆಂದು ಎಷ್ಟೋ ಕಾಲದಿಂದ ಅನ್ನುತ್ತಿದ್ದೆಯಲ್ಲ, ಹೋಗು. ನಾನು ಮುಂದಿನ ಶನಿವಾರ ಬಂದು ಅಪ್ಪನ ಹತ್ತಿರ ಇರುತ್ತೇನೆ. ಬೇಡ ಅನ್ನಬೇಡ.

ನಿನ್ನ ತಮ್ಮ


ಆಗಸ್ಟ್ ೧೩
ನಿನ್ನ ಮನೆಯಿಂದ

ಅಕ್ಕಾ,

ನೀನು ಗೋಡೆಗೆ ಅಂಟಿಸಿ ಹೋದ ಸೂಚನೆಗಳಲ್ಲಿ ಅರ್ಧ ಪಾಲಿಸಲಾಗಲಿಲ್ಲ. ಅಪ್ಪ ಕ್ಷೇಮ. ನನ್ನ ಕೆನ್ನೆಯ ಮೇಲೆ ಒಂದು ಗೀರು ಇದೆ, ಸ್ನಾನದ್ದು.

ಇಲ್ಲಿಗೆ ಬಂದ ಮೇಲೆ ನಾನು ಕಾದೆ. ಆ ಮಾತು, ಆ ತಟ್ಟುವುದು, ಕನ್ನಡಿ ನೋಡುವ ನೋಟ, ಯಾವುದಾದರೂ ಒಂದು ಬರುತ್ತದೆಂದು. ಒಂದು ಸಲವೂ ಬರಲಿಲ್ಲ. ಅಪ್ಪ ಅದನ್ನೆಲ್ಲ ಬಿಟ್ಟು ಎಷ್ಟು ಕಾಲವಾಯಿತು? ನೀನು ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರಲ್ಲಿ ಮುಗಿದುಹೋದದ್ದನ್ನು ನಾನು ಅಲ್ಲಿ ಪ್ರತಿ ವಾರ ಆಡಿ ತೋರಿಸುತ್ತಿದ್ದೆ. ಮೊದಲನೇ ದಿನ ಮಾತು ಬರಲಿ ಎಂದು ಅವರ ದನಿಯಲ್ಲೇ ಅವರನ್ನು ಕರೆದು ನೋಡಿದೆ. ಹೆದರಿ ಮೂಲೆಗೆ ಸರಿದರು. ಮತ್ತೆ ಮಾಡಲಿಲ್ಲ.

ಇವತ್ತು ಮಧ್ಯಾಹ್ನ ಕಿಟಕಿಯ ಹತ್ತಿರ ಕೂರಿಸಿ ಉಗುರು ತೆಗೆಯುತ್ತಿದ್ದೆ. ತಾನಾಗಿಯೇ ಕೇಳಿದರು.

"ಆ ಹೆಣ್ಣುಮಗಳು ಎಲ್ಲಿ?"

"ಯಾರು?"

"ಇಲ್ಲಿರ್ತಾಳಲ್ಲ, ಆ ಸಿಡುಕಿ."

"ರಜೆ ಮೇಲೆ ಹೋಗಿದಾಳೆ."

"ಒಳ್ಳೇದು. ಅವಳಿಗೆ ಬದಲಿ ಬರಲೇ ಇಲ್ಲ ನೋಡಿ. ಡಬಲ್ ಡ್ಯೂಟಿ ಮೇಲೆ ಡಬಲ್ ಡ್ಯೂಟಿ. ಯೂನಿಯನ್‌ನವರು ಏನ್ ಮಾಡ್ತಿದಾರೆ?"

"ನಾನು ಬಂದಿದೀನಲ್ಲ."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಆಫೀಸಿನೋರು. ಓಡಿಸೋಕೆ ಬರತ್ತಾ ನಿಮಗೆ?" ಅಂದರು. ಆಮೇಲೆ ಇನ್ನೊಂದು ಕೈ ಕೊಟ್ಟು ಕಿಟಕಿಯಾಚೆ ನೋಡುತ್ತಾ ಕೂತರು.

ಇದನ್ನು ಅಪ್ಪನ ತೀರ್ಪೆಂದು ನಿನಗೆ ಬರೆಯುತ್ತಿಲ್ಲ. ಅವರ ಬಾಯಿಂದ ನನಗೆ ಬೇಕಾದ್ದನ್ನು ಹೆಕ್ಕಿಕೊಳ್ಳುವ ಚಟ ನನಗಿದೆ, ನೀನೇ ತೋರಿಸಿಕೊಟ್ಟೆ. ಒಂದು ಗಳಿಗೆಯ ನಂತರ ಅವರು ನನ್ನನ್ನು ಕಳ್ಳ ಎಂದು ಕೂಗಿಕೊಂಡರು, ಟೈಲರ್ ಮನೆಯವರು ಓಡಿ ಬಂದರು.

ಆದ್ದರಿಂದ ಇದು ನನ್ನ ಮಾತು. ಅಪ್ಪನನ್ನು ಆ ನಿಲಯಕ್ಕೆ ಸೇರಿಸೋಣ. ಇಲ್ಲಿ ನಾನು ಬಂದು ಇರುತ್ತೇನೆ ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಅದು ಸುಳ್ಳಾಗುತ್ತದೆ, ನನ್ನಿಂದ ಆಗದು, ನಿನ್ನಿಂದಲೂ ಇನ್ನು ಆಗಬಾರದು. ಯಾರು ತೀರ್ಮಾನ ಮಾಡಿದ್ದು ಎಂದು ಬಂಧುಗಳು ಕೇಳಿದರೆ, ತಮ್ಮ ಎಂದು ಹೇಳು. ನನ್ನನ್ನು ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ.

ತಮ್ಮ


ಆಗಸ್ಟ್ ೧೮

ತಮ್ಮಾ,

ನಿನ್ನ ಆ ಒಂದು ವಾಕ್ಯವನ್ನು ಎರಡು ಸಲ ಓದಿದೆ. ತಿದ್ದುವಂಥದ್ದೇನೂ ಇರಲಿಲ್ಲ.

ನನ್ನ ಕೋಪ ಇಳಿದಿದೆ ಎಂದುಕೊಳ್ಳಬೇಡ. ಮಾರ್ಚಿನಲ್ಲಿ ಬರಬೇಕಿದ್ದ ವಾಕ್ಯ ಅದು. ಆ ಅಂಗಡಿಯಿಂದ ನಾನು ಎದ್ದು ಹೊರಗೆ ಬಂದದ್ದನ್ನು ಸಾಯುವವರೆಗೂ ಮರೆಯುವವಳಲ್ಲ, ನಿನಗೆ ನನ್ನ ಸ್ವಭಾವ ಗೊತ್ತು. ಗೆಳತಿಯೂ ಅದನ್ನೇ ಅನ್ನುತ್ತಾಳೆ: "ನಿನ್ನ ತಮ್ಮ ಉತ್ತರ ಕೊಡ್ಲಿಲ್ಲ ಅಂತ ಬೈತಿದ್ದೆ, ಈಗ ಕೊಟ್ಟ ಅಂತ ಅಳ್ತಿದೀಯ, ಯಾವ್ದಾದ್ರೂ ಒಂದು ಇಟ್ಕೋ ಮಾರಾಯ್ತಿ." ಇಲ್ಲಿ ಮೊದಲ ದಿನಗಳಲ್ಲಿ ನಿದ್ದೆ ಬರಲಿಲ್ಲ, ಬಾಗಿಲಿನ ಚಿಲಕಕ್ಕೆ ಕಿವಿ ಕೊಟ್ಟೇ ಮಲಗಿರುತ್ತಿದ್ದೆ. ನಿನ್ನೆ ಮಧ್ಯಾಹ್ನ ಊಟದ ಮೇಜಿನಲ್ಲೇ ನಿದ್ದೆ ಹೋದೆನಂತೆ. ಅವಳು ತಟ್ಟೆ ಸರಿಸಿ ಹಾಗೇ ಬಿಟ್ಟಳು.

ಸಿಡುಕಿ ಎಂದರೇ? ನನ್ನ ಹೆಸರು ಮರೆತ ಮೇಲೂ ಅದೊಂದು ಉಳಿದುಕೊಂಡಿದೆಯಲ್ಲ.

ನಿಲಯದವರಿಗೆ ಫೋನು ಮಾಡಿದೆ. ಕೋಣೆ ಇನ್ನೂ ಇದೆ. ಗುರುವಾರ ಬೆಳಿಗ್ಗೆ ಬರಹೇಳಿದ್ದಾರೆ. ನಾನು ಬುಧವಾರ ಮನೆಗೆ ಬರುತ್ತೇನೆ. ಬಟ್ಟೆಗಳನ್ನು ನಾನೇ ಜೋಡಿಸುತ್ತೇನೆ, ನೀನು ಮುಟ್ಟಬೇಡ. ಡ್ಯೂಟಿಯ ಅಂಗಿಯನ್ನೂ ಕಳಿಸಬಹುದೇ ಎಂದು ಕೇಳಿದ್ದೆ, ಕಳಿಸಿ ಅಂದರು. ಟ್ಯಾಕ್ಸಿ ಹೇಳು. ಅಪ್ಪನನ್ನು ನಮ್ಮಿಬ್ಬರ ನಡುವೆ ಕೂರಿಸೋಣ.

ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವರು ಕೇಳುತ್ತಾರೆ. ಹೇಳಿದರೆ ಮರೆಯುತ್ತಾರೆ, ಮರೆತು ಮತ್ತೆ ಕೇಳುತ್ತಾರೆ. ದಾರಿ ಮುಗಿಯುವವರೆಗೂ ಕೇಳುತ್ತಲೇ ಇರುತ್ತಾರೆ. ಪ್ರತಿ ಸಲವೂ ನಿಜವನ್ನೇ ಹೇಳಬೇಕು, ಮತ್ತು ಪ್ರತಿ ಸಲವೂ ನೀನೇ ಹೇಳಬೇಕು, ನಿನ್ನ ಸ್ವಂತ ದನಿಯಲ್ಲಿ. ನಾನು ಅವರ ಕೈ ಹಿಡಿದುಕೊಂಡು ಸುಮ್ಮನೆ ಕೂತಿರುತ್ತೇನೆ.

ಅಕ್ಕ